ಎರಡು ಬ್ಯಾಟರಿ ತಿಂದ ಹಳದಿ ವೈರು

ನಮ್ಮದು ಹಳೇ ಆಲ್ಟೊ ಕಾರು, 35 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ. ಮಳೆಗಾಲದಲ್ಲಿ ಶಿವಮೊಗ್ಗದ ಮನೆ ಮುಂದೆ ನಾಲ್ಕೈದು ದಿನ ಅಲ್ಲಾಡದೆ ನಿಂತರೆ ಸಾಕು, ಕೀ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು ಅಷ್ಟೇ. ಪಕ್ಕದ ಮನೆ ಹುಡುಗರ ಕೈಲಿ ತಳ್ಳಿಸಿ ತಳ್ಳಿಸಿ ನನಗೇ ಮುಜುಗರ. ಅಂಗಡಿಯವರು "ಸೆಲ್ ಹೋಗಿದೆ ಸಾರ್, ಹೊಸದು ಹಾಕ್ಸಿ" ಅಂದರು, ಹಾಕಿಸಿದೆ. ಎರಡೇ ವರ್ಷಕ್ಕೆ ಅದೂ ಮಲಗಿತು.

ಮೂರನೆಯದಕ್ಕೆ ದುಡ್ಡು ಕೊಡುವ ಮೊದಲು ವೋಲ್ಟ್, ಕರೆಂಟ್ ಅಳೆಯುವ ಒಂದು ಅಗ್ಗದ ಮಲ್ಟಿಮೀಟರ್ ತಂದೆ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ನೋಡಿದರೆ 12.6 ವೋಲ್ಟ್ ಇರಬೇಕು, ನನ್ನದರಲ್ಲಿ 12.1. ಅಂದರೆ ಅರ್ಧಕ್ಕಿಂತ ಕಡಿಮೆ. ಇಂಜಿನ್ ಓಡುವಾಗ 14.2 ಬರುತ್ತಿತ್ತು, ಹಾಗಾಗಿ ಬ್ಯಾಟರಿ ತುಂಬುವ ಆಲ್ಟರ್ನೇಟರ್‌ದು ತಪ್ಪಲ್ಲ. ತುಂಬುತ್ತಿದೆ, ಆದರೆ ಎಲ್ಲೋ ಸೋರುತ್ತಿದೆ.

ಎಷ್ಟು ಸೋರುತ್ತಿದೆ ನೋಡೋಣ ಅಂತ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಕೂರಿಸಿದೆ. ಬಾಗಿಲೆಲ್ಲ ಹಾಕಿರಬೇಕು, ಕೀ ಮುಟ್ಟಲೇಬಾರದು (ನಾನು ಮರೆತು ಸೆಲ್ಫ್ ಹೊಡೆದು ಮೀಟರಿನ ಫ್ಯೂಸ್ ಸುಟ್ಟುಕೊಂಡೆ, ಅದು ಬೇರೆ ಕಥೆ). ಸುಮ್ನೆ ನಿಂತ ಗಾಡಿ 50 ಮಿಲಿಆಂಪಿಯರ್ ಒಳಗೆ ಎಳೆದರೆ ಚಿಂತೆ ಇಲ್ಲ. ನನ್ನದು 240! ದಿನಕ್ಕೆ ಹತ್ತಿರ ಹತ್ತಿರ 6 ಎಎಚ್, ಮೂರು ದಿನಕ್ಕೆ ಅರ್ಧ ಬ್ಯಾಟರಿ ಖಾಲಿ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋದೆ, ಮ್ಯೂಸಿಕ್ ಸಿಸ್ಟಮ್‌ದು ಕಿತ್ತ ತಕ್ಷಣ 20ಕ್ಕೆ ಇಳಿಯಿತು. ಹೊರಗಡೆ ಹಾಕಿಸಿದ ಸೆಟ್ಟು ಅದು. ಹಳದಿ ವೈರು ನೇರ ಬ್ಯಾಟರಿಗೆ, ಕೆಂಪು ಕೀ ಲೈನಿಗೆ (ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿಗೆ) ಹೋಗಬೇಕು, ಹಾಕಿದವನು ಎರಡನ್ನೂ ಸೇರಿಸಿ ಹಳದಿಗೇ ಸುತ್ತಿಬಿಟ್ಟಿದ್ದ. ಕೀ ತೆಗೆದರೂ ಸೆಟ್ಟು ಒಳಗೊಳಗೇ ಎಚ್ಚರವಾಗೇ ಇತ್ತು. ಕೆಂಪನ್ನು ಬೇರೆ ಮಾಡಿ ಕೀ ಲೈನಿಗೆ ಕೊಟ್ಟೆ, ಹತ್ತು ನಿಮಿಷದ ಕೆಲಸ.

ಆದರೆ ಹೀಗೆ ಖಾಲಿಯಾಗಿ ದಿನಗಟ್ಟಲೆ ನಿಂತ ಬ್ಯಾಟರಿಯ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ತಾಕತ್ತು ಬರಲ್ಲ. ಹಾಗಾಗಿ ಮೂರನೆಯದನ್ನು ಕೊಳ್ಳಲೇಬೇಕಾಯಿತು.

ಈ ಮೂರನೆಯದು ಬಾಳಲಿ ಅಂತ ಮಾಡಿದ್ದು ಜಾಸ್ತಿ ಏನಿಲ್ಲ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಹಳೇ ಬ್ರಷ್‌ನಿಂದ ಉಜ್ಜಿ, ಒಣಗಿಸಿ ವ್ಯಾಸಲೀನ್ ಹಚ್ಚುತ್ತೇನೆ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರ್‌ವೆಲ್ ನೀರು ಬೇಡವೇ ಬೇಡ. ನಿಂತಲ್ಲೇ ಐದು ನಿಮಿಷ ಇಂಜಿನ್ ಓಡಿಸುವ ಅಭ್ಯಾಸ ಬಿಟ್ಟೆ, ಸ್ಟಾರ್ಟ್‌ಗೆ ಖರ್ಚಾದದ್ದೂ ಸರಿಯಾಗಿ ತುಂಬಲ್ಲ. ವಾರಕ್ಕೊಮ್ಮೆ ಗಾಜನೂರು ಡ್ಯಾಮ್ ತನಕ ಹೋಗಿಬರುತ್ತೇವೆ, ಮನೆಯವರಿಗೂ ಖುಷಿ.

ಈ ಬ್ಯಾಟರಿಗೆ ಈಗ ಐದನೇ ವರ್ಷ. ನಿನ್ನೆ ಬೆಳಿಗ್ಗೆ ನೋಡಿದೆ, 12.5.