ಹಿಪ್ಪುನೇರಳೆ ನೆಡೋದು ಸುಲಭ, ಕತ್ತರಿಸೋಕೆ ಧೈರ್ಯ ಬೇಕು

ಶಿಡ್ಲಘಟ್ಟ, ರಾಮನಗರದ ಕಡೆಯವರಿಗೆ ಹಿಪ್ಪುನೇರಳೆ ಅಂದರೆ ರೇಷ್ಮೆ ಸೊಪ್ಪು. ಎಲೆ ಹುಳಕ್ಕೆ, ಹಣ್ಣು ಏನಿದ್ದರೂ ತೋಟಕ್ಕೆ ನುಗ್ಗುವ ಮಕ್ಕಳಿಗೆ. ಹಿತ್ತಲಲ್ಲಿ ಬೆಳೆಸುವ ನಮ್ಮ ಲೆಕ್ಕ ಉಲ್ಟಾ, ನಮಗೆ ಹಣ್ಣೇ ಬೇಕು. ಹಾಗಾಗಿ ಗಿಡ ತರುವಾಗಲೇ ಸ್ವಲ್ಪ ಹುಷಾರಾಗಿರಿ.

ನಾನು ಮೊದಲು ನರ್ಸರಿಯಿಂದ ದುಡ್ಡು ಕೊಟ್ಟು ತಂದ ಗಿಡ ಎರಡು ವರ್ಷ ಸೊಂಪಾಗಿ ಬೆಳೆಯಿತು, ಒಂದೇ ಒಂದು ಹಣ್ಣು ಬಿಡಲಿಲ್ಲ. ಎಲೆಯ ಬುಡದಲ್ಲಿ ಹಸಿರು ಬಾಲದಂಥ ಹೂ ಬರುತ್ತಿತ್ತು, ಕೆಲವೇ ದಿನಕ್ಕೆ ಪುಡಿ ಉದುರಿಸಿ ಬಿದ್ದುಹೋಗುತ್ತಿತ್ತು. ಗಂಡು ಗಿಡ! ಹಿಪ್ಪುನೇರಳೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ, ಎಷ್ಟೋ ಸಲ ಗಿಡವೇ ಬೇರೆ. ಹಣ್ಣು ಬಿಟ್ಟದ್ದನ್ನು ಕಣ್ಣಾರೆ ನೋಡಿದ ಗಿಡದಿಂದಲೇ ಕಡ್ಡಿ ತನ್ನಿ. ರೈತರು ಹೇಳುವ ವಿ-1 ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ತಳಿ, ಒಳ್ಳೆಯದೇ, ಆದರೆ ಅದನ್ನು ತಯಾರಿಸಿದ್ದು ಎಲೆಗಾಗಿ. ಹೆಸರು ಕೇಳಿ ಮರುಳಾಗಬೇಡಿ.

ಕಡ್ಡಿ ಆರೆಂಟು ತಿಂಗಳು ಬಲಿತದ್ದಿರಲಿ. ಪೆನ್ಸಿಲ್ ದಪ್ಪ, ಕಂದು ಬಣ್ಣ, ಒಂದು ಗೇಣು ಉದ್ದ, ಮೂರು ನಾಲ್ಕು ಕಣ್ಣು (ಚಿಗುರು ಒಡೆಯುವ ಮೊಗ್ಗು). ಹಸಿರು ತುದಿ ಕೊಳೆಯುತ್ತದೆ. ಬುಡದ ಕಡೆ ಓರೆಯಾಗಿ ಕತ್ತರಿಸಿದರೆ ಯಾವುದು ತಲೆ, ಯಾವುದು ಬುಡ ಅನ್ನುವ ಗೊಂದಲ ಇರುವುದಿಲ್ಲ (ತಲೆಕೆಳಗಾಗಿ ನೆಟ್ಟು ತಿಂಗಳುಗಟ್ಟಲೆ ನೀರು ಹಾಕಿದವರು ನಮ್ಮ ಮನೆಯಲ್ಲೇ ಇದ್ದಾರೆ). ಮಳೆ ಶುರುವಾಗುವ ಜೂನ್ ಜುಲೈನಲ್ಲಿ ಮಣ್ಣು, ಮರಳು, ಗೊಬ್ಬರ ಬೆರೆಸಿದ ಕವರಿನಲ್ಲಿ ನೆಡಿ. ಒಂದು ಕಣ್ಣು ಮಾತ್ರ ಮೇಲಿರಲಿ.

ಎರಡು ವಾರದಲ್ಲಿ ಚಿಗುರು ಕಾಣುತ್ತದೆ. ಆಗ ಎಲ್ಲರೂ ಮಾಡುವ ತಪ್ಪು, ಬೇರು ಬಂತು ಅಂತ ಕಿತ್ತು ನೋಡುವುದು. ಬೇರು ಬಂದಿರುವುದಿಲ್ಲ, ಆ ಚಿಗುರು ಕಡ್ಡಿಯೊಳಗೆ ಕೂಡಿಟ್ಟ ಆಹಾರದಲ್ಲೇ ಬಂದದ್ದು. ಎರಡು ಮೂರು ತಿಂಗಳು ನೆರಳಲ್ಲಿ ಹಾಗೇ ಬಿಡಿ, ಆಮೇಲೆ ಒಂದೂವರೆ ಅಡಿ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ಹಾಕಿ ಕೂರಿಸಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ಗೋಡೆ, ಸಂಪಿನಿಂದ ದೂರ ಇರಲಿ. ಬಟ್ಟೆ ಒಣಗಿಸುವ ತಂತಿ, ಕಾರು ನಿಲ್ಲಿಸುವ ಜಾಗದ ಹತ್ತಿರವಂತೂ ಬೇಡ, ಯಾಕೆ ಅಂತ ಮೊದಲ ಫಸಲಿಗೇ ಗೊತ್ತಾಗುತ್ತದೆ. ಟೆರೇಸ್ ಮೇಲಾದರೆ 20 ಲೀಟರಿನ ಪೇಂಟ್ ಬಕೆಟ್ಟಿಗೆ ತೂತು ಮಾಡಿ ನೆಡಬಹುದು, ಆದರೆ ಬೇಸಿಗೆಯಲ್ಲಿ ದಿನಾ ನೀರು ತಪ್ಪಬಾರದು.

ಇನ್ನು ಕತ್ತರಿ. ಸುಮ್ನೆ ಬಿಟ್ಟರೆ ಗಿಡ ಮಾಳಿಗೆ ದಾಟಿ ಹೋಗುತ್ತದೆ, ಹಣ್ಣೆಲ್ಲ ಮೇಲೆ, ನೀವು ಕೆಳಗೆ. ಹಣ್ಣು ಮುಗಿದ ಕೂಡಲೇ ಸೊಂಟದೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನು ಒಂದೂ ಬಿಡದೆ ಕಿತ್ತುಹಾಕಿ, ಬುಡಕ್ಕೆ ಎರಡು ಬುಟ್ಟಿ ಗೊಬ್ಬರ ಕೊಟ್ಟು ಚೆನ್ನಾಗಿ ನೀರು ಹಾಕಿ. ಬೋಳು ಗಿಡ ನೋಡಿ ನಮ್ಮಮ್ಮ ಮೊದಲ ಸಲ ನನ್ನ ಜೊತೆ ಮಾತು ಬಿಟ್ಟಿದ್ದರು. ಹೊಸ ಚಿಗುರಿನ ಜೊತೆಗೇ, ಎಲೆ ಸರಿಯಾಗಿ ಬಿಚ್ಚುವ ಮೊದಲೇ, ಹಸಿರು ಕಾಯಿ ಕಾಣುತ್ತದೆ. ಸುಮಾರು ಎರಡು ತಿಂಗಳಿಗೆ ಹಣ್ಣು. ನಮ್ಮ ಹವೆಯಲ್ಲಿ ವರ್ಷಕ್ಕೆ ಎರಡು ಮೂರು ಸಲ ಹೀಗೆ ಮಾಡಬಹುದು.

ರೋಗದ ಕಾಟ ಜಾಸ್ತಿ ಇಲ್ಲ. ಕುಡಿ ಎಲೆ ಮುದುಡಿ, ದಪ್ಪಗಾಗಿ, ಒಳಗೆ ಬಿಳಿ ಹಿಟ್ಟಿನಂಥದ್ದು ಕಂಡರೆ ಅದು ಹಿಟ್ಟು ತಿಗಣೆ, ರೇಷ್ಮೆಯವರು ತುಕ್ರಾ ಅನ್ನುತ್ತಾರೆ. ಆ ಕುಡಿ ಚಿವುಟಿ ಸೋಪಿನ ನೀರಿಗೆ ಹಾಕಿ ಸಾಯಿಸಿ. ತಿನ್ನುವ ಹಣ್ಣು ಅಲ್ವಾ, ಗಟ್ಟಿ ಔಷಧಿ ಹೊಡೆಯುವ ಯೋಚನೆ ಬೇಡ.

ಕೆಂಪಗಿದ್ದಾಗ ಕೀಳಬೇಡಿ, ಹುಳಿ. ಕಪ್ಪಾಗಿ, ಮುಟ್ಟಿದರೆ ಬೆರಳಿಗೆ ಬಂದುಬಿಡಬೇಕು. ಪಿಕಳಾರಕ್ಕೂ ಇದು ಗೊತ್ತು, ಬೆಳಿಗ್ಗೆ ನಿಮಗಿಂತ ಮುಂಚೆ ಬಂದಿರುತ್ತದೆ, ಹಾಗಾಗಿ ಎರಡು ಕೊಂಬೆಗೆ ಹಳೇ ಸೊಳ್ಳೆ ಪರದೆ ಕಟ್ಟಿ ಉಳಿದದ್ದು ಅದಕ್ಕೇ ಬಿಡಿ. ಕಿತ್ತ ಹಣ್ಣು ಅವತ್ತೇ ತಿಂದರೆ ಚೆನ್ನ. ಕೈಗೆ ಹತ್ತಿದ ಕಲೆಗೆ ಒಂದು ಕೆಂಪು ಕಾಯಿ ಜಜ್ಜಿ ಉಜ್ಜಿ, ಬಹಳಷ್ಟು ಹೋಗುತ್ತದೆ. ಅಂಗಿಯದ್ದು ಹೋಗುವುದಿಲ್ಲ.