ಹಗುರ ಫ್ಲೀಸ್ ಹೂಡಿ (ಟೋಪಿ ಇರುವ ಮೇಲಂಗಿ) ಮನೆಯಲ್ಲೇ ಹೊಲಿಯುವವರಿಗೆ

ಚಳಿಗಾಲದ ಬೆಳಗ್ಗೆ ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟ ಹತ್ತುವುದಕ್ಕೆ ದಪ್ಪ ಸ್ವೆಟರ್ ಬೇಡ. ಏರು ಶುರುವಾದರೆ ಬೆವರು ಕಿತ್ತುಕೊಂಡು ಬರುತ್ತದೆ. 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಫ್ಲೀಸ್, ಅಂದರೆ ಪಾಲಿಯೆಸ್ಟರ್‌ನ ಮೆತ್ತನೆ ರೋಮದ ಬಟ್ಟೆ ಸಾಕು, ಒದ್ದೆಯಾದರೂ ಬೇಗ ಒಣಗುತ್ತದೆ.

ಕತ್ತರಿಸುವ ಮುಂಚೆ ಬಟ್ಟೆ ಎಳೆದು ನೋಡಿ. ಜಾಸ್ತಿ ಹಿಗ್ಗುವ ದಿಕ್ಕು ಮೈ ಸುತ್ತ ಬರಬೇಕು. ಅಂಗೈಯಲ್ಲಿ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಒರಟು ಅನಿಸುತ್ತದೆ ಅಲ್ವಾ? ಎಲ್ಲ ತುಂಡುಗಳಲ್ಲೂ ನುಣುಪು ಕೆಳಮುಖವಾಗಿಯೇ ಇರಲಿ. ಇಲ್ಲದಿದ್ದರೆ ತೋಳು ಒಂದು ಬಣ್ಣ, ಮೈ ಒಂದು ಬಣ್ಣ ಕಾಣುತ್ತದೆ.

ಬಾಲ್‌ಪಾಯಿಂಟ್ ಸೂಜಿ (ಮೊನೆ ದುಂಡಗಿರುವುದು), ಪಾಲಿಯೆಸ್ಟರ್ ದಾರ, ಸಣ್ಣ ಜಿಗ್‌ಜಾಗ್ ಹೊಲಿಗೆ. ನೇರ ಹೊಲಿಗೆ ಹಾಕಿದರೆ ಹಿಗ್ಗಿದಾಗ ದಾರ ಪಟ್ ಅಂತ ಹೋಗುತ್ತದೆ. ಮಷಿನ್‌ನಲ್ಲಿ ಬಟ್ಟೆ ಎಳೆಯಬೇಡಿ, ಅಂಚು ಅಲೆ ಅಲೆಯಾಗುತ್ತದೆ. ಫ್ಲೀಸ್‌ನ ಅಂಚು ನೂಲು ಬಿಡುವುದಿಲ್ಲ, ಅಂಚು ಕಟ್ಟುವ ಓವರ್‌ಲಾಕ್‌ಗೆ ಸುಮ್ನೆ ದುಡ್ಡು ಕೊಡಬೇಡಿ.

ತೋಳಿಗೆ ರ‍್ಯಾಗ್ಲನ್ ಕಟಿಂಗೇ (ಕತ್ತಿನಿಂದ ಕಂಕುಳಿಗೆ ಓರೆಯಾಗಿ ಹೊಲಿಗೆ ಬರುವುದು) ಒಳ್ಳೆಯದು ಅಂತ ನನ್ನ ಅನಿಸಿಕೆ. ಹೆಗಲ ಮೇಲೆ ಹೊಲಿಗೆ ಬರುವುದಿಲ್ಲ, ಬ್ಯಾಗಿನ ಪಟ್ಟಿ ಕೂತರೂ ಒತ್ತುವುದಿಲ್ಲ. ಟೋಪಿಯನ್ನು ಮೂರು ತುಂಡಿನಲ್ಲಿ ಹೊಲಿದರೆ ತಲೆಗೆ ಸರಿಯಾಗಿ ಕೂರುತ್ತದೆ. ಬಿಸಿ ಇಸ್ತ್ರಿ ಮಾತ್ರ ತಾಗಿಸಲೇಬೇಡಿ, ಪಾಲಿಯೆಸ್ಟರ್ ಕರಗಿಬಿಡುತ್ತದೆ. ಬೆಟ್ಟದ ತುದಿಯ ಗಾಳಿ ಫ್ಲೀಸ್ ದಾಟಿ ಒಳಗೆ ನುಗ್ಗುತ್ತದೆ. ಅಲ್ಲಿಗೆ ಒಂದು ತೆಳು ವಿಂಡ್‌ಚೀಟರ್ ಬ್ಯಾಗಲ್ಲಿ ಇಟ್ಟುಕೊಳ್ಳಿ.