ಕ್ಯೂಬರ್ನೆಟಿಸ್ ಕ್ಲಸ್ಟರಿನ ಪ್ರತಿ ನೋಡ್‌ಗೂ ಮಾನಿಟರಿಂಗ್ ಏಜೆಂಟ್ ತಲುಪಿಸುವ ಕ್ರಮ

ಹಲವು ಯಂತ್ರಗಳನ್ನು (ನೋಡ್‌ಗಳನ್ನು) ಒಟ್ಟುಗೂಡಿಸಿ ಕಂಟೇನರುಗಳನ್ನು ಓಡಿಸುವ ಕ್ಯೂಬರ್ನೆಟಿಸ್ ಕ್ಲಸ್ಟರಿನಲ್ಲಿ ಮಾನಿಟರಿಂಗ್ ಏಜೆಂಟುಗಳ ಅಳವಡಿಕೆ, ಹೆಲ್ಮ್ ಎಂಬ ಅಳವಡಿಕೆ ಸಾಧನದ ಒಂದೇ ಆದೇಶದಲ್ಲಿ ಮುಗಿದುಹೋಗುವ ಕೆಲಸದಂತೆ ಕಾಣುತ್ತದೆ. ಆದೇಶ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅಂಕಿಗಳನ್ನು ಗೆರೆಚಿತ್ರವಾಗಿ ತೋರಿಸುವ ಗ್ರಫಾನಾದ ಪರದೆಯ ಮೇಲೆ ಸಿಪಿಯು, ಮೆಮೊರಿ, ಡಿಸ್ಕ್ ಬಳಕೆಯ ಗೆರೆಗಳು ಮೂಡುತ್ತವೆ, ನಮಗೂ ಸಮಾಧಾನವಾಗುತ್ತದೆ. ಆದರೆ ಆ ಪರದೆಗೆ ಕಾಣುವುದು ಏಜೆಂಟ್ ಇರುವ ನೋಡ್‌ಗಳು ಮಾತ್ರ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹದಿನಾಲ್ಕು ನೋಡ್‌ಗಳ ಕ್ಲಸ್ಟರ್ ಇತ್ತು. ಅವುಗಳಲ್ಲಿ ಮೂರನ್ನು ಡೇಟಾಬೇಸಿಗೆಂದು ಟೇಂಟ್ (ಬೇರೆ ಕೆಲಸಗಳನ್ನು ದೂರವಿಡುವ ಗುರುತು) ಹಾಕಿ ಕಾಯ್ದಿರಿಸಲಾಗಿತ್ತು. ಒಂದು ರಾತ್ರಿ ಆ ಮೂರರಲ್ಲಿ ಒಂದರ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋದಾಗ, ಡಿಸ್ಕ್ ಬಳಕೆಯ ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇತ್ತು, ಏಕೆಂದರೆ ಅದು ಲೆಕ್ಕ ಹಾಕುತ್ತಿದ್ದದ್ದು ಉಳಿದ ಹನ್ನೊಂದು ನೋಡ್‌ಗಳನ್ನಷ್ಟೇ. ಪ್ರತಿ ನೋಡ್‌ನಲ್ಲೂ ಏಜೆಂಟಿನ ಒಂದು ಪ್ರತಿ ಓಡಿಸಲೆಂದಿರುವ ಡೀಮನ್‌ಸೆಟ್‌ನ ಸ್ಥಿತಿಯಲ್ಲಿ ‘ಡಿಸೈರ್ಡ್ 11, ರೆಡಿ 11’ ಎಂದು ಕಾಣುತ್ತಿದ್ದದ್ದನ್ನು ನಾವು ತಿಂಗಳುಗಟ್ಟಲೆ ನೋಡಿ ತೃಪ್ತರಾಗಿದ್ದೆವು. ಅಂದಿನಿಂದ ನಾನು ಈ ಕೆಲಸವನ್ನು ನೋಡ್‌ಗಳ ಎಣಿಕೆಯಿಂದ ಶುರು ಮಾಡಿ ನೋಡ್‌ಗಳ ಎಣಿಕೆಯಿಂದಲೇ ಮುಗಿಸುತ್ತೇನೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವುದು ಮೆಟ್ರಿಕ್ಸ್ (ಅಳತೆಯ ಅಂಕಿಗಳು) ಸಂಗ್ರಹಿಸುವ ಪ್ರೊಮೀಥಿಯಸ್ ಬಳಗದ ಸಾಧನಗಳನ್ನು. ಪ್ರೊಮೀಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯೊಳಗೆ ಹುಟ್ಟಿ, 2016ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿಗೆ ಕ್ಯೂಬರ್ನೆಟಿಸ್ ನಂತರದ ಎರಡನೆಯ ಯೋಜನೆಯಾಗಿ ಸೇರಿತು. ಬೇರೆ ಕಂಪನಿಗಳ ಏಜೆಂಟುಗಳನ್ನು ಬಳಸುವವರಿಗೂ ಮುಂದಿನ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ, ಏಕೆಂದರೆ ಪ್ರತಿ ನೋಡ್‌ನಲ್ಲೂ ಒಂದೊಂದು ಪಾಡ್ (ಒಟ್ಟಿಗೆ ಓಡುವ ಕಂಟೇನರುಗಳ ಘಟಕ) ಓಡಿಸಿ ಮೂಲ ಯಂತ್ರದ ಒಳಗನ್ನು ಓದುವ ವಿಧಾನ ಎಲ್ಲರದೂ ಒಂದೇ.

ಮೊದಲು ಈ ಅಂಕಿಗಳ ಮೂರು ಮೂಲಗಳನ್ನು ಬೇರೆಬೇರೆಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಯಂತ್ರದ ಸಿಪಿಯು, ಡಿಸ್ಕ್, ಫೈಲ್‌ಸಿಸ್ಟಮ್, ನೆಟ್‌ವರ್ಕ್ ವಿವರ ಕೊಡುವುದು ನೋಡ್ ಎಕ್ಸ್‌ಪೋರ್ಟರ್; ಇದು ಪ್ರತಿ ನೋಡ್‌ನಲ್ಲೂ 9100ನೇ ಪೋರ್ಟಿನಲ್ಲಿ ಕುಳಿತಿರುತ್ತದೆ. ಕಂಟೇನರುಗಳ ಬಳಕೆಯ ಲೆಕ್ಕ ಕೊಡುವ ಸಿ-ಅಡ್ವೈಸರ್ ಪ್ರತಿ ನೋಡ್‌ನಲ್ಲೂ ಪಾಡುಗಳನ್ನು ಓಡಿಸುವ ಕ್ಯೂಬ್ಲೆಟ್‌ನೊಳಗೇ ಸೇರಿಕೊಂಡಿರುವುದರಿಂದ ಅದನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗಿಲ್ಲ. 10250ನೇ ಪೋರ್ಟಿನಿಂದ ಓದಿದರೆ ಸಾಕು. ಮೂರನೆಯದು ಕ್ಯೂಬ್-ಸ್ಟೇಟ್-ಮೆಟ್ರಿಕ್ಸ್. ಎಷ್ಟು ಪಾಡುಗಳು ಕಾಯುತ್ತಿವೆ, ಯಾವ ಡಿಪ್ಲಾಯ್‌ಮೆಂಟಿಗೆ ಎಷ್ಟು ಪ್ರತಿ ಕಡಿಮೆಯಿದೆ ಎಂಬುದನ್ನು ಇದು ಕ್ಲಸ್ಟರಿನ ಸ್ಥಿತಿಯನ್ನು ಬಲ್ಲ ಎಪಿಐ ಸರ್ವರಿನಿಂದ ಕೇಳಿ ಹೇಳುತ್ತದೆ. ಇಡೀ ಕ್ಲಸ್ಟರಿಗೆ ಒಂದೇ ಪ್ರತಿ ಸಾಕು. ಇದನ್ನೂ ಪ್ರತಿ ನೋಡ್‌ನಲ್ಲಿ ಓಡಿಸಿದರೆ ಒಂದೇ ಪಾಡ್ ಹಲವು ಸಲ ಎಣಿಕೆಯಾಗಿ ಲೆಕ್ಕವೆಲ್ಲ ತಪ್ಪುತ್ತದೆ. ‘ಕ್ಯೂಬ್‌ಸಿಟಿಎಲ್ ಟಾಪ್’ ಆದೇಶಕ್ಕೂ ಆಟೋಸ್ಕೇಲಿಂಗಿಗೂ ಬೇಕಾಗುವ ಮೆಟ್ರಿಕ್ಸ್ ಸರ್ವರ್ ಈ ಮೂರಕ್ಕೂ ಬದಲಿಯಾಗಲಾರದು, ಅದು ಹಳೆಯ ದಾಖಲೆಯನ್ನು ಉಳಿಸಿಕೊಳ್ಳುವುದೇ ಇಲ್ಲ.

ಈಗ ಎಣಿಕೆ. ‘ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್’ ಎಂದು ಕೇಳಿ ಬಂದ ಪಟ್ಟಿಯನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಿ; ಪ್ರತಿ ನೋಡ್‌ನ ಎದುರು ಅದರ ಆಪರೇಟಿಂಗ್ ಸಿಸ್ಟಮ್ ಯಾವುದು, ಅದರ ಮೇಲೆ ಯಾವ ಟೇಂಟುಗಳಿವೆ, ಅದು ಯಾವ ನೋಡ್ ಪೂಲಿಗೆ ಸೇರಿದೆ ಎಂಬುದನ್ನು ಬರೆದುಕೊಳ್ಳಿ. ವಿಂಡೋಸ್ ನೋಡ್‌ಗಳಿದ್ದರೆ ಅವುಗಳಿಗೆ ಬೇರೆಯೇ ಎಕ್ಸ್‌ಪೋರ್ಟರ್ ಬೇಕು. ಯಂತ್ರಗಳನ್ನು ಕ್ಲೌಡ್ ಕಂಪನಿಯೇ ನೋಡಿಕೊಳ್ಳುವ ಎಡಬ್ಲ್ಯುಎಸ್ ಫಾರ್ಗೇಟ್‌ನಂಥ ವ್ಯವಸ್ಥೆಯಲ್ಲಿ ಓಡುವ ಪಾಡುಗಳಿಗಂತೂ ಡೀಮನ್‌ಸೆಟ್ ತಲುಪುವುದೇ ಇಲ್ಲ. ಅವನ್ನು ಪಟ್ಟಿಯಲ್ಲೇ ಬೇರೆಯಾಗಿ ಗುರುತು ಹಾಕಿಡಿ. ಯಾವುದಾದರೂ ಯಂತ್ರದಲ್ಲಿ ಹಿಂದಿನವರು ನೋಡ್ ಎಕ್ಸ್‌ಪೋರ್ಟರನ್ನು ಸಿಸ್ಟಮ್‌ಡಿ ಸೇವೆಯಾಗಿ ಹಾಕಿಹೋಗಿದ್ದಾರೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಹಾಗಿದ್ದಲ್ಲಿ 9100ನೇ ಪೋರ್ಟ್ ಆಗಲೇ ಹಿಡಿದಿರುತ್ತದೆ. ಆ ನೋಡ್‌ಗೆ ಹೋದ ಪಾಡ್ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂಬ ಒಂದು ಸಾಲನ್ನು ಲಾಗ್‌ನಲ್ಲಿ ಬಿಟ್ಟು ಮತ್ತೆ ಮತ್ತೆ ಬಿದ್ದೇಳುತ್ತಿರುತ್ತದೆ.

ಏಜೆಂಟುಗಳಿಗೆ ಪ್ರತ್ಯೇಕ ನೇಮ್‌ಸ್ಪೇಸ್ (ಕ್ಲಸ್ಟರಿನೊಳಗಿನ ಒಂದು ವಿಭಾಗ) ಮಾಡಿ. ಕ್ಯೂಬರ್ನೆಟಿಸ್ 1.25ರಲ್ಲಿ ಹಳೆಯ ಪಾಡ್ ಸೆಕ್ಯುರಿಟಿ ಪಾಲಿಸಿಯನ್ನು ತೆಗೆದುಹಾಕಿ ಪಾಡ್ ಸೆಕ್ಯುರಿಟಿ ಅಡ್ಮಿಶನ್ ಅನ್ನು ಸ್ಥಿರಗೊಳಿಸಿದ ಮೇಲೆ ನೇಮ್‌ಸ್ಪೇಸಿನ ಲೇಬಲ್ಲಿಗೆ ತೂಕ ಬಂದಿದೆ: ಪ್ರಿವಿಲೇಜ್ಡ್, ಬೇಸ್‌ಲೈನ್, ರಿಸ್ಟ್ರಿಕ್ಟೆಡ್ ಎಂಬ ಮೂರು ಮಟ್ಟಗಳಲ್ಲಿ ಬೇಸ್‌ಲೈನ್ ಕೂಡ ಹೋಸ್ಟ್‌ಪಾತ್ ವಾಲ್ಯೂಮನ್ನೂ (ಮೂಲ ಯಂತ್ರದ ಕಡತಗಳನ್ನು ಪಾಡ್‌ಗೆ ತೋರಿಸುವುದು) ಹೋಸ್ಟ್‌ನೆಟ್‌ವರ್ಕನ್ನೂ (ಯಂತ್ರದ ನೆಟ್‌ವರ್ಕನ್ನೇ ಪಾಡ್ ಬಳಸುವುದು) ಒಪ್ಪುವುದಿಲ್ಲ. ನೋಡ್ ಎಕ್ಸ್‌ಪೋರ್ಟರಿಗೆ ಇವೆರಡೂ ಬೇಕಾಗಿರುವುದರಿಂದ ಈ ಒಂದು ನೇಮ್‌ಸ್ಪೇಸಿಗೆ ಪ್ರಿವಿಲೇಜ್ಡ್ ಮಟ್ಟವನ್ನು ಕೊಡಬೇಕಾಗುತ್ತದೆ. ಆದ್ದರಿಂದಲೇ ಇಲ್ಲಿ ಬೇರೆ ಯಾವ ಅಪ್ಲಿಕೇಶನ್ನನ್ನೂ ಇಡಬಾರದು, ಮತ್ತು ಇಲ್ಲಿ ಪಾಡ್ ಸೃಷ್ಟಿಸುವ ಹಕ್ಕು ಬೆರಳೆಣಿಕೆಯ ಜನರಿಗಷ್ಟೇ ಇರಬೇಕು. ಕ್ಲಸ್ಟರಿಗೆಲ್ಲ ಬೇಸ್‌ಲೈನ್ ಅಥವಾ ರಿಸ್ಟ್ರಿಕ್ಟೆಡ್ ಮಟ್ಟವನ್ನು ಮೊದಲೇ ಗೊತ್ತುಮಾಡಿದ್ದರೆ, ಲೇಬಲ್ ಮರೆತಾಗ ಡೀಮನ್‌ಸೆಟ್ ಸೃಷ್ಟಿಯಾಗುತ್ತದೆ, ಪಾಡುಗಳು ಹುಟ್ಟುವುದಿಲ್ಲ. ಕಾರಣ ಕಾಣಬೇಕಾದರೆ ಡೀಮನ್‌ಸೆಟ್‌ನ ಈವೆಂಟುಗಳನ್ನು ಓದಬೇಕು.

ಅಳವಡಿಕೆಗೆ ಪ್ರೊಮೀಥಿಯಸ್ ಸಮುದಾಯದ ಕ್ಯೂಬ್-ಪ್ರೊಮೀಥಿಯಸ್-ಸ್ಟ್ಯಾಕ್ ಎಂಬ ಹೆಲ್ಮ್ ಚಾರ್ಟ್ (ಅಳವಡಿಕೆಯ ಸಿದ್ಧ ಕಟ್ಟು) ಅನುಕೂಲ; ಮೇಲೆ ಹೇಳಿದ ಏಜೆಂಟುಗಳ ಜೊತೆಗೆ ಪ್ರೊಮೀಥಿಯಸ್ ಆಪರೇಟರ್, ಅಲರ್ಟ್‌ಮ್ಯಾನೇಜರ್, ಗ್ರಫಾನಾ ಎಲ್ಲವೂ ಅದರಲ್ಲಿವೆ. ಚಾರ್ಟಿನ ಆವೃತ್ತಿಯ ಸಂಖ್ಯೆಯನ್ನು ನಿಗದಿಪಡಿಸಿ, ನಿಮ್ಮ ಬದಲಾವಣೆಗಳನ್ನು ಒಂದು ವ್ಯಾಲ್ಯೂಸ್ ಕಡತದಲ್ಲಿ ಬರೆದು, ಆ ಕಡತವನ್ನು ಗಿಟ್‌ನಲ್ಲಿಡಿ. ಮುಂದೆ ಆವೃತ್ತಿ ಏರಿಸುವಾಗ ಚಾರ್ಟಿನ ಸಿಆರ್‌ಡಿಗಳನ್ನು (ಕ್ಯೂಬರ್ನೆಟಿಸ್‌ಗೆ ಹೊಸ ಬಗೆಯ ವಸ್ತುಗಳನ್ನು ಪರಿಚಯಿಸುವ ವಿವರಣೆಗಳನ್ನು) ಹೆಲ್ಮ್ ತಾನಾಗಿ ಹೊಸದಾಗಿಸುವುದಿಲ್ಲವೆಂಬುದು ನೆನಪಿರಲಿ. ಅದಕ್ಕೆ ಬಿಡುಗಡೆಯ ಟಿಪ್ಪಣಿಯನ್ನು ಓದಿಯೇ ಮುಂದುವರಿಯಬೇಕು.

ವ್ಯಾಲ್ಯೂಸ್ ಕಡತದಲ್ಲಿ ನೋಡ್ ಎಕ್ಸ್‌ಪೋರ್ಟರಿನ ಭಾಗವನ್ನು ನಿಧಾನವಾಗಿ ಓದುವುದು ಒಳ್ಳೆಯದು. ಮೂಲ ಯಂತ್ರದ ರೂಟ್ ಡೈರೆಕ್ಟರಿಯನ್ನು ಪಾಡ್‌ನೊಳಗೆ ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಆ ಜಾಗ ಎಲ್ಲಿದೆ ಎಂಬುದನ್ನು ಪಾತ್-ರೂಟ್‌ಎಫ್‌ಎಸ್ ಆಯ್ಕೆಯ ಮೂಲಕ ಎಕ್ಸ್‌ಪೋರ್ಟರಿಗೆ ಹೇಳಲಾಗುತ್ತದೆ. ಈ ಮೌಂಟಿಗೆ ಪ್ರಾಪಗೇಶನ್ ‘ಹೋಸ್ಟ್ ಟು ಕಂಟೇನರ್’ ಎಂದಿರಬೇಕು. ಇದು ಸಣ್ಣ ವಿಷಯವಲ್ಲ: ಅದಿಲ್ಲದಿದ್ದರೆ ಏಜೆಂಟ್ ಶುರುವಾದ ಮೇಲೆ ಯಂತ್ರಕ್ಕೆ ಸೇರಿಸಿದ ಹೊಸ ಡಿಸ್ಕ್ ಅದರ ಕಣ್ಣಿಗೆ ಬೀಳುವುದಿಲ್ಲ, ಮತ್ತು ಡೇಟಾಬೇಸ್ ನೋಡ್‌ಗಳಲ್ಲಿ ನಾವು ಕಾಯಬೇಕಾದದ್ದು ಅಂಥ ಡಿಸ್ಕುಗಳನ್ನೇ. ಪಾಡ್ ರೂಟ್ ಬಳಕೆದಾರನಾಗಿ ಓಡಬೇಕಾದ ಅಗತ್ಯವಿಲ್ಲ. ಚಾರ್ಟ್ ಅದನ್ನು 65534 ಎಂಬ ಯಾವ ಹಕ್ಕೂ ಇಲ್ಲದ ಬಳಕೆದಾರ ಸಂಖ್ಯೆಯಲ್ಲಿ ಓಡಿಸುತ್ತದೆ, ಹಾಗೆಯೇ ಬಿಡಿ.

ಟೇಂಟನ್ನು ದಾಟಲು ಪಾಡ್‌ಗೆ ಕೊಡುವ ಅನುಮತಿಯಾದ ಟಾಲರೇಶನ್ ಈ ಇಡೀ ಕೆಲಸದ ಕೇಂದ್ರ. ಡೀಮನ್‌ಸೆಟ್ ಎಂದರೆ ಪ್ರತಿ ನೋಡ್‌ಗೂ ಒಂದು ಪಾಡ್ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಆದರೆ ಟೇಂಟ್ ಇರುವ ನೋಡ್‌ಗೆ ತಕ್ಕ ಟಾಲರೇಶನ್ ಇಲ್ಲದಿದ್ದರೆ ಡೀಮನ್‌ಸೆಟ್ ಆ ನೋಡನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ‘ಡಿಸೈರ್ಡ್’ ಸಂಖ್ಯೆಯೇ ಅಷ್ಟು ಕಡಿಮೆಯಾಗುತ್ತದೆ. ನಮಗೆ ಹನ್ನೊಂದಕ್ಕೆ ಹನ್ನೊಂದು ಎಂದು ಕಂಡದ್ದು ಇದರಿಂದಲೇ. ನೋಡ್ ಸಿದ್ಧವಿಲ್ಲದಿರುವುದು, ಡಿಸ್ಕ್ ಅಥವಾ ಮೆಮೊರಿಯ ಒತ್ತಡ, ಕಾರ್ಡನ್ ಆಗಿರುವುದು (ಹೊಸ ಪಾಡುಗಳು ಬಾರದಂತೆ ಮುಚ್ಚಿರುವುದು), ಇಂಥ ವ್ಯವಸ್ಥೆಯದೇ ಟೇಂಟುಗಳಿಗೆ ಕ್ಯೂಬರ್ನೆಟಿಸ್ ತಾನೇ ಟಾಲರೇಶನ್ ಸೇರಿಸುತ್ತದೆ. ಕ್ಲಸ್ಟರನ್ನು ನಡೆಸುವ ಕಂಟ್ರೋಲ್ ಪ್ಲೇನ್‌ ನೋಡ್‌ಗಳ ಟೇಂಟುಗಳಿಗೂ ನೀವು ಹಾಕಿದ ಟೇಂಟುಗಳಿಗೂ ಸೇರಿಸುವುದಿಲ್ಲ. ಚಾರ್ಟಿನಲ್ಲಿ ಸಿದ್ಧವಾಗಿ ಬರುವ ಟಾಲರೇಶನ್ ‘ನೋ-ಶೆಡ್ಯೂಲ್’ (ಹೊಸ ಪಾಡ್ ಬೇಡವೆನ್ನುವ) ಪರಿಣಾಮವುಳ್ಳ ಟೇಂಟುಗಳನ್ನಷ್ಟೇ ದಾಟುತ್ತದೆ; ‘ನೋ-ಎಕ್ಸಿಕ್ಯೂಟ್’ (ಇರುವ ಪಾಡುಗಳನ್ನೂ ಹೊರಹಾಕುವ) ಟೇಂಟ್ ಹಾಕಿದ ನೋಡ್‌ಗಳು ಹೊರಗೇ ಉಳಿಯುತ್ತವೆ. ಆದ್ದರಿಂದ ಕೀಲಿಯನ್ನೂ ಪರಿಣಾಮವನ್ನೂ ಬರೆಯದೆ, ಆಪರೇಟರ್ ‘ಎಗ್ಸಿಸ್ಟ್ಸ್’ ಎಂದಷ್ಟೇ ಇರುವ ಒಂದು ಟಾಲರೇಶನ್ ಕೊಡಿ. ಅದು ಎಲ್ಲ ಟೇಂಟುಗಳನ್ನೂ ದಾಟುತ್ತದೆ. ಸಾಮಾನ್ಯ ಅಪ್ಲಿಕೇಶನ್ನಿಗೆ ಹೀಗೆ ಕೊಡುವುದು ತಪ್ಪಾದೀತು, ಏಜೆಂಟಿಗೆ ಇದೇ ಸರಿ.

ಟಾಲರೇಶನ್ ಇದ್ದರೂ ಜಾಗವಿಲ್ಲದ ನೋಡ್‌ನಲ್ಲಿ ಪಾಡ್ ‘ಪೆಂಡಿಂಗ್’ ಎಂದು ನಿಂತಿರುತ್ತದೆ, ಮತ್ತು ತುಂಬಿ ತುಳುಕುವ ನೋಡ್‌ಗಳೇ ನಾವು ಮೊದಲು ಗಮನಿಸಬೇಕಾದವು. ಅದಕ್ಕೆ ಏಜೆಂಟಿಗೆ ‘ಸಿಸ್ಟಮ್-ನೋಡ್-ಕ್ರಿಟಿಕಲ್’ ಎಂಬ ಪ್ರಯಾರಿಟಿ ಕ್ಲಾಸ್ ಕೊಟ್ಟರೆ, ಅಗತ್ಯಬಿದ್ದಾಗ ಕೆಳಗಿನ ಆದ್ಯತೆಯ ಪಾಡುಗಳು ಅದಕ್ಕೆ ಜಾಗ ಬಿಡುತ್ತವೆ. ಸಿಪಿಯು, ಮೆಮೊರಿಯ ಕೋರಿಕೆಯನ್ನು ಕಡಿಮೆ ಇಟ್ಟು, ಮಿತಿಯನ್ನು ಸ್ವಲ್ಪ ಸಡಿಲವಾಗಿಡಿ. ಮೆಮೊರಿ ಮಿತಿ ಬಿಗಿಯಾದರೆ ಏಜೆಂಟ್ 137 ಎಂಬ ನಿರ್ಗಮನ ಸಂಖ್ಯೆಯೊಂದಿಗೆ ಸಾಯುತ್ತದೆ, ಅದೂ ಯಂತ್ರಕ್ಕೆ ಭಾರ ಹೆಚ್ಚಿರುವ ಹೊತ್ತಿನಲ್ಲೇ.

ಹಕ್ಕುಗಳ ವಿಷಯ. ಪ್ರೊಮೀಥಿಯಸ್‌ನ ಸರ್ವಿಸ್ ಅಕೌಂಟಿಗೆ ನೋಡ್, ಸರ್ವಿಸ್, ಎಂಡ್‌ಪಾಯಿಂಟ್, ಪಾಡುಗಳನ್ನು ಓದುವ ಹಕ್ಕು ಮತ್ತು ಕ್ಯೂಬ್ಲೆಟ್‌ನ ಮೆಟ್ರಿಕ್ಸ್ ಓದಲು ‘ನೋಡ್ಸ್/ಮೆಟ್ರಿಕ್ಸ್’ ಹಕ್ಕು ಸಾಕು. ಕೆಲವು ಹಳೆಯ ಮಾರ್ಗದರ್ಶಿಗಳು ‘ನೋಡ್ಸ್/ಪ್ರಾಕ್ಸಿ’ಯನ್ನು ಕೊಡಲು ಹೇಳುತ್ತವೆ, ಅದನ್ನು ಕೊಡಬೇಡಿ. ಆ ಹಕ್ಕು ಸಿಕ್ಕವರು ಕ್ಯೂಬ್ಲೆಟ್‌ನ ಮೂಲಕ ಆ ನೋಡ್‌ನ ಯಾವ ಪಾಡ್‌ನೊಳಗಾದರೂ ಆದೇಶ ನಡೆಸಬಹುದು. ಹಾಗೆಯೇ 9100ನೇ ಪೋರ್ಟಿಗೆ ತಾನಾಗಿ ಯಾವ ಪಾಸ್‌ವರ್ಡೂ ಇರುವುದಿಲ್ಲ. ಹೋಸ್ಟ್‌ನೆಟ್‌ವರ್ಕ್ ಬಳಸುವ ಪಾಡುಗಳನ್ನು ನೆಟ್‌ವರ್ಕ್ ಪಾಲಿಸಿ ಕಾಪಾಡುತ್ತದೆಂದು ನಂಬುವಂತಿಲ್ಲವಾದ್ದರಿಂದ, ಆ ಪೋರ್ಟ್ ಕ್ಲಸ್ಟರಿನೊಳಗಿನ ನೋಡ್‌ಗಳಿಗೆ ಮಾತ್ರ ತೆರೆದಿರುವಂತೆ ಫೈರ್‌ವಾಲ್‌ನಲ್ಲೇ ಕಟ್ಟಬೇಕು.

ಹೆಲ್ಮ್ ಆದೇಶ ಮುಗಿದ ಮೇಲೆ ಪ್ರೊಮೀಥಿಯಸ್‌ನ ಟಾರ್ಗೆಟ್ಸ್ ಪುಟವನ್ನು ತೆರೆಯಿರಿ. ಕ್ಯೂಬ್‌ಎಡಿಎಂ ಎಂಬ ಸಾಧನದಿಂದ ಕಟ್ಟಿದ ಕ್ಲಸ್ಟರಾದರೆ ಅಲ್ಲಿ ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್, ಎಟ್‌ಸಿಡಿ, ಕ್ಯೂಬ್-ಪ್ರಾಕ್ಸಿಗಳು ಕೆಂಪಾಗಿ ಕಾಣುತ್ತವೆ, ಏಕೆಂದರೆ ಅವು ತಮ್ಮ ಮೆಟ್ರಿಕ್ಸ್ ಅನ್ನು 127.0.0.1 ವಿಳಾಸಕ್ಕಷ್ಟೇ ಕೊಡುವಂತೆ ಹೊಂದಿಸಿರುತ್ತವೆ. ಅವುಗಳ ಬೈಂಡ್ ವಿಳಾಸವನ್ನು ಎಚ್ಚರದಿಂದ ಬದಲಿಸಬೇಕು. ಕ್ಲೌಡ್ ಕಂಪನಿಯೇ ಕಂಟ್ರೋಲ್ ಪ್ಲೇನ್ ನಡೆಸುತ್ತಿದ್ದರೆ ಅವು ನಿಮ್ಮ ಪಾಡುಗಳ ಕೈಗೆ ಸಿಗುವುದಿಲ್ಲ, ಆಗ ವ್ಯಾಲ್ಯೂಸ್ ಕಡತದಲ್ಲಿ ಅವನ್ನು ನಿಲ್ಲಿಸಿಬಿಡಿ. ಎಂದೂ ಹಸಿರಾಗದ ಕೆಂಪು ಸಾಲುಗಳು ಪುಟದಲ್ಲಿ ಉಳಿದರೆ ನಾಲ್ಕೇ ದಿನದಲ್ಲಿ ಕಣ್ಣು ಅವಕ್ಕೆ ಒಗ್ಗಿಹೋಗುತ್ತದೆ, ನಿಜವಾದ ಕೆಂಪೂ ಅವುಗಳ ನಡುವೆ ಕಳೆದುಹೋಗುತ್ತದೆ. ನಿಮ್ಮದೇ ಸೇವೆಗೆ ಬರೆದ ಸರ್ವಿಸ್‌ಮಾನಿಟರ್ (ಯಾವ ಸೇವೆಯನ್ನು ಓದಬೇಕೆಂದು ಪ್ರೊಮೀಥಿಯಸ್‌ಗೆ ಹೇಳುವ ವಿವರಣೆ) ಈ ಪುಟದಲ್ಲಿ ಕಾಣಿಸದಿದ್ದರೆ ಅದರ ಲೇಬಲ್ ನೋಡಿ: ಹೆಲ್ಮ್ ರಿಲೀಸಿನ ಹೆಸರನ್ನು ಹೊತ್ತ ‘ರಿಲೀಸ್’ ಲೇಬಲ್ ಇರುವವನ್ನಷ್ಟೇ ಚಾರ್ಟ್ ತಾನಾಗಿ ಆರಿಸಿಕೊಳ್ಳುತ್ತದೆ.

ಸಂಗ್ರಹಕ್ಕೆ ಜಾಗ ಗೊತ್ತುಮಾಡದಿದ್ದರೆ ಪ್ರೊಮೀಥಿಯಸ್‌ನ ದತ್ತಾಂಶ ತಾತ್ಕಾಲಿಕ ವಾಲ್ಯೂಮ್‌ನಲ್ಲಿ ಕೂರುತ್ತದೆ, ಪಾಡ್ ಬೇರೆ ನೋಡ್‌ಗೆ ಹೋದಾಗ ಅಷ್ಟೂ ಅಳಿಸಿಹೋಗುತ್ತದೆ. ಎಷ್ಟು ಜಾಗ ಬೇಕೆಂಬುದನ್ನು ಕೈಲೆಕ್ಕದಲ್ಲೇ ಹಾಕಬಹುದು. 2 ಲಕ್ಷ ಸೀರೀಸ್‌ಗಳನ್ನು (ಒಂದೊಂದು ಅಳತೆಯ ಅಂಕಿಗಳ ಸಾಲುಗಳನ್ನು) 30 ಸೆಕೆಂಡಿಗೊಮ್ಮೆ ಓದಿದರೆ ಸೆಕೆಂಡಿಗೆ ಸುಮಾರು 6,667 ಸ್ಯಾಂಪಲ್. 15 ದಿನಗಳಲ್ಲಿ 12,96,000 ಸೆಕೆಂಡುಗಳು, ಅಂದರೆ ಸುಮಾರು 864 ಕೋಟಿ ಸ್ಯಾಂಪಲ್. ಒಂದೊಂದಕ್ಕೆ 1ರಿಂದ 2 ಬೈಟ್ ಬೇಕಾಗುವುದರಿಂದ ಹೆಚ್ಚೆಂದರೆ 17 ಜಿಬಿ. ಅದರ ಮೇಲೆ ಅರ್ಧದಷ್ಟು ಸೇರಿಸಿ ವಾಲ್ಯೂಮ್ ಕೇಳಿ.

ಕೊನೆಗೆ ಮತ್ತೆ ಎಣಿಕೆ. ಮೊದಲು ಬರೆದಿಟ್ಟ ಪಟ್ಟಿಯನ್ನು ತೆಗೆದು, ಅದರ ಒಟ್ಟು ಸಂಖ್ಯೆಯನ್ನು ಡೀಮನ್‌ಸೆಟ್‌ನ ‘ಡಿಸೈರ್ಡ್’ ಮತ್ತು ‘ರೆಡಿ’ ಸಂಖ್ಯೆಗಳ ಜೊತೆ ಹೋಲಿಸಿ. ಆಮೇಲೆ ಇದೇ ಹೋಲಿಕೆಯನ್ನು ಪ್ರೊಮೀಥಿಯಸ್‌ಗೇ ಒಪ್ಪಿಸಿ: ಕ್ಯೂಬ್-ಸ್ಟೇಟ್-ಮೆಟ್ರಿಕ್ಸ್ ಕೊಡುವ ‘ಕ್ಯೂಬ್_ನೋಡ್_ಇನ್ಫೋ’ದ ಎಣಿಕೆಯಿಂದ, ನೋಡ್ ಎಕ್ಸ್‌ಪೋರ್ಟರ್ ಜಾಬಿನಲ್ಲಿ ‘ಅಪ್’ ಮೌಲ್ಯ 1 ಇರುವವುಗಳ ಎಣಿಕೆಯನ್ನು ಕಳೆದು, ಫಲಿತಾಂಶ ಹತ್ತು ನಿಮಿಷ ಸೊನ್ನೆಗಿಂತ ಹೆಚ್ಚಿದ್ದರೆ ಅಲರ್ಟ್ ಕೂಗುವಂತೆ ನಿಯಮ ಬರೆಯಿರಿ. ವಿಂಡೋಸ್, ಫಾರ್ಗೇಟ್ ನೋಡ್‌ಗಳಿದ್ದರೆ ಅವನ್ನು ಮೊದಲೇ ಕಳೆಯಬೇಕು. ಎಲ್ಲ ಏಜೆಂಟುಗಳೂ ಒಟ್ಟಿಗೆ ಮಾಯವಾದರೆ ಕಳೆಯಲು ಸಂಖ್ಯೆಯೇ ಸಿಗದೆ ಈ ನಿಯಮ ಮೌನವಾಗುತ್ತದೆ; ಅದಕ್ಕೆ ‘ಆಬ್ಸೆಂಟ್’ ಬಳಸಿ ಎರಡನೆಯ ನಿಯಮ ಬೇಕು. ಅಲರ್ಟ್ ಸಾಗುವ ದಾರಿಯೇ ಮುರಿದಿದ್ದರೆ ತಿಳಿಯಲೆಂದು ಚಾರ್ಟಿನಲ್ಲಿ ಸದಾ ಕೂಗುತ್ತಲೇ ಇರುವ ‘ವಾಚ್‌ಡಾಗ್’ ಎಂಬ ಅಲರ್ಟ್ ಇದೆ. ಅದರ ಸದ್ದು ನಿಂತರೆ ತಿಳಿಸುವ ವ್ಯವಸ್ಥೆಯನ್ನು ಕ್ಲಸ್ಟರಿನ ಹೊರಗೆ ಇಡಬೇಕು. ಪ್ರೊಮೀಥಿಯಸ್ ಸಮಯವನ್ನು ಯುಟಿಸಿಯಲ್ಲಿ ಇಡುತ್ತದೆ, ಗ್ರಫಾನಾ ಬ್ರೌಸರಿನ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ. ರಾತ್ರಿಯ ಅವಘಡವನ್ನು ಬೆಳಿಗ್ಗೆ ಹುಡುಕುವಾಗ ಐದೂವರೆ ಗಂಟೆಯ ಈ ವ್ಯತ್ಯಾಸವನ್ನು ಮರೆತವರು ಬೇರೆಯದೇ ಹೊತ್ತಿನ ಗೆರೆಗಳನ್ನು ನೋಡುತ್ತಾ ಕೂರುತ್ತಾರೆ.

ನಿಯಮ ಬರೆದ ದಿನವೇ ಅದನ್ನು ಪರೀಕ್ಷಿಸಿ. ಅಷ್ಟೇನೂ ಮುಖ್ಯವಲ್ಲದ ಒಂದು ನೋಡ್‌ಗೆ, ಈವರೆಗೆ ಯಾರೂ ಬಳಸದ ಹೆಸರಿನ, ‘ನೋ-ಎಕ್ಸಿಕ್ಯೂಟ್’ ಪರಿಣಾಮದ ಟೇಂಟ್ ಹಾಕಿ. ಅದರಲ್ಲಿರುವ ಉಳಿದ ಪಾಡುಗಳು ಖಾಲಿಯಾದರೂ ಏಜೆಂಟ್ ಅಲ್ಲೇ ನಿಂತಿರಬೇಕು. ಟೇಂಟ್ ತೆಗೆಯಿರಿ. ಆಮೇಲೆ ಅದೇ ನೋಡ್‌ನ ಫೈರ್‌ವಾಲ್‌ನಲ್ಲಿ 9100ನೇ ಪೋರ್ಟನ್ನು ಮುಚ್ಚಿ, ಹತ್ತು ನಿಮಿಷ ಕಳೆದು ನಿಮ್ಮ ಫೋನಿಗೆ ಅಲರ್ಟ್ ಬರುವವರೆಗೂ ಕಾಯಿರಿ, ಬಂದ ಮೇಲೆ ಪೋರ್ಟನ್ನು ಮತ್ತೆ ತೆರೆಯಿರಿ.